ಸುತ್ತು ಎಣಿಸುವ ಯಂತ್ರವೂ ಉಳಿತಾಯದ ಲೆಕ್ಕವೂ

ಸೈಕಲ್ಲಿನ ಹ್ಯಾಂಡಲ್ ಮೇಲೆ ಕೂರುವ ಕಿಲೋಮೀಟರ್ ಮಾಪಕಕ್ಕೆ ದೂರ ತಿಳಿಯದು. ಚಕ್ರ ಎಷ್ಟು ಸಲ ಸುತ್ತಿತೆಂಬುದನ್ನು ಮಾತ್ರ ಅದು ಬಲ್ಲದು. ಆ ಸಂಖ್ಯೆಯನ್ನು ಚಕ್ರದ ಸುತ್ತಳತೆಯಿಂದ ಗುಣಿಸಿದಾಗ ದೂರ ದೊರೆಯುತ್ತದೆ. ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ವರ್ಣಿಸಿರುವ ಬಂಡಿಯೂ ಇದೇ ತತ್ತ್ವದ್ದು: ಗಾಲಿ 400 ಸುತ್ತು ಉರುಳಿ ಒಂದು ರೋಮನ್ ಮೈಲಿ ಪೂರೈಸಿದಾಗಲೆಲ್ಲ ಅದರ ಹಲ್ಲುಗಾಲಿಗಳು ಒಂದು ಕಲ್ಲುಹರಳನ್ನು ಕಂಚಿನ ಪಾತ್ರೆಗೆ ಉದುರಿಸುತ್ತಿದ್ದವು. ಅಮೆರಿಕದ ಹಾರ್ಟ್‌ಫರ್ಡಿನಲ್ಲಿ ಕರ್ಟಿಸ್ ವೀಡರ್ 1895ರ ಹೊತ್ತಿಗೆ ಮಾರುಕಟ್ಟೆಗೆ ತಂದ ಸೈಕ್ಲೋಮೀಟರಿನಲ್ಲಿ, ಚಕ್ರದ ಕಡ್ಡಿಗೆ ಬಿಗಿದ ಪುಟ್ಟ ಗೂಟವೊಂದು ಪ್ರತಿ ಸುತ್ತಿಗೂ ನಕ್ಷತ್ರಾಕಾರದ ಗಾಲಿಯನ್ನು ತಟ್ಟಿ ಅಂಕಿಗಳನ್ನು ಮುಂದೆ ಸರಿಸುತ್ತಿತ್ತು.

ಇಂದಿನ ಸಾಧಾರಣ ಮಾಪಕದಲ್ಲಿ ಗೂಟದ ಜಾಗಕ್ಕೆ ಅಯಸ್ಕಾಂತ ಬಂದಿದೆ. ಮುಂಚಕ್ರದ ಕಡ್ಡಿಗೆ ಕಟ್ಟಿದ ಅಯಸ್ಕಾಂತವು ಫೋರ್ಕಿನ ಮೇಲಿರುವ ರೀಡ್ ಸ್ವಿಚ್ಚಿನ ಸಮೀಪ ಹಾದುಹೋಗುವಾಗ, ಗಾಜಿನ ಕೊಳವೆಯೊಳಗಿನ ಎರಡು ತೆಳು ಕಬ್ಬಿಣದ ಪಟ್ಟಿಗಳು ಕಾಂತತ್ವ ಪಡೆದು ಒಂದಕ್ಕೊಂದು ಅಂಟಿಕೊಂಡು, ಕ್ಷಣಮಾತ್ರ ವಿದ್ಯುತ್ ಹರಿಯಲು ಬಿಡುತ್ತವೆ. ಅದೇ ಒಂದು ಎಣಿಕೆ. ಸುಮಾರು 2.1 ಮೀಟರ್ ಸುತ್ತಳತೆಯ ಚಕ್ರವು ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಎರಡೂ ಕಾಲು ಸುತ್ತಿಗಿಂತ ತುಸು ಹೆಚ್ಚು ಉರುಳುವುದರಿಂದ, ಈ ಕೆಲಸ ಸ್ವಿಚ್ಚಿಗೆ ಏನೇನೂ ಕಷ್ಟವಲ್ಲ.

ಕಷ್ಟವಿರುವುದು ಸುತ್ತಳತೆಯಲ್ಲಿ. ಮಾಪಕದ ಕೈಪಿಡಿ ಟೈರಿನ ಅಳತೆಗೆ ತಕ್ಕ ಅಂಕಿಯೊಂದನ್ನು ಕೊಡುತ್ತದೆಯಾದರೂ, ಸವಾರನ ಭಾರಕ್ಕೆ ಟೈರು ನೆಲದ ಬಳಿ ಚಪ್ಪಟೆಯಾಗುವುದರಿಂದ ಚಕ್ರವು ಪ್ರತಿ ಸುತ್ತಿಗೂ ಕ್ರಮಿಸುವ ದೂರ ಆ ಅಂಕಿಗಿಂತ ಕಡಿಮೆಯಾಗಬಹುದು. ಗಾಳಿ ಇಳಿದಷ್ಟೂ ವ್ಯತ್ಯಾಸ ಬೆಳೆಯುತ್ತದೆ. ಆದಕಾರಣ ಟೈರಿಗೆ ಸುಣ್ಣದ ಗುರುತು ಹಾಕಿ, ಸವಾರ ಮೇಲೆ ಕುಳಿತಿರುವಂತೆಯೇ ಹತ್ತು ಸುತ್ತು ನೇರವಾಗಿ ಉರುಳಿಸಿ, ನೆಲದ ಮೇಲಿನ ಅಂತರವನ್ನು ಟೇಪಿನಿಂದ ಅಳೆದು ಹತ್ತರಿಂದ ಭಾಗಿಸುವುದು ಅತ್ಯಂತ ನಂಬಲರ್ಹ ವಿಧಾನ.

ಈ ವಿಧಾನವನ್ನು ಎಷ್ಟು ದೂರ ಒಯ್ಯಬಹುದೆಂಬುದಕ್ಕೆ ಮ್ಯಾರಥಾನ್ ಮಾರ್ಗಗಳೇ ಸಾಕ್ಷಿ. ಅಧಿಕೃತ ಓಟಗಳ ಹಾದಿಯನ್ನು ಇಂದಿಗೂ ಅಳೆಯುವುದು ಸೈಕಲ್ಲಿನಿಂದಲೇ, ಅದರ ಮುಂಚಕ್ರಕ್ಕೆ ಜೋಡಿಸಿದ ಜೋನ್ಸ್ ಕೌಂಟರ್ ಎಂಬ ಎಣಿಕೆಯಂತ್ರದಿಂದ. ಅಮೆರಿಕದ ಅಲನ್ ಜೋನ್ಸ್ 1971ರಲ್ಲಿ ರೂಪಿಸಿದ ಈ ಸಾಧನವು ಸುತ್ತಿನ ಸಣ್ಣ ಭಾಗಗಳನ್ನೂ ಎಣಿಸುತ್ತದೆ. ಬಿಸಿಲೇರಿದಂತೆ ಟೈರಿನೊಳಗಿನ ಗಾಳಿ ಹಿಗ್ಗಿ ಚಕ್ರ ತುಸು ದೊಡ್ಡದಾಗುವುದರಿಂದ, ಉಕ್ಕಿನ ಟೇಪಿನಿಂದ ಅಳೆದಿಟ್ಟ ನೇರ ರಸ್ತೆಯ ಮೇಲೆ ಕೆಲಸಕ್ಕೆ ಮುಂಚೆ ನಾಲ್ಕು ಸಲ, ಮುಗಿದ ಮೇಲೆ ನಾಲ್ಕು ಸಲ ಸೈಕಲ್ ಓಡಿಸಿ ಎಣಿಕೆಯನ್ನು ಸರಿಹೊಂದಿಸಿಕೊಳ್ಳಲಾಗುತ್ತದೆ. ಅಷ್ಟಾದರೂ ಹಾದಿ ಮೊಟಕಾಗಬಾರದೆಂದು ಕಿಲೋಮೀಟರಿಗೆ ಒಂದು ಮೀಟರ್ ಸೇರಿಸುವ ನಿಯಮವಿದ್ದು, 42.195 ಕಿಲೋಮೀಟರ್ ಮ್ಯಾರಥಾನಿಗೆ ಅದು ಸುಮಾರು 42 ಮೀಟರ್ ಆಗುತ್ತದೆ. ಉಪಗ್ರಹ ಸಂಕೇತವನ್ನು ನಂಬುವ ಮೊಬೈಲ್ ಫೋನು ಈ ಮಟ್ಟಕ್ಕೆ ಏರದು; ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ತಡವಾಗಿ ತಲುಪುವುದರಿಂದ ಅದು ತೋರಿಸುವ ದಾರಿ ಅಂಕುಡೊಂಕಾಗುತ್ತದೆ.

ಕಚೇರಿಗೆ ಸೈಕಲ್ ತುಳಿಯುವವರಿಗೆ ಇಷ್ಟು ನಿಖರತೆ ಬೇಕಾಗಿಲ್ಲ. ಮನೆಯಿಂದ ಕಚೇರಿಗೆ 8 ಕಿಲೋಮೀಟರ್ ಇದ್ದು, ತಿಂಗಳಿಗೆ 22 ದಿನ ಹೋಗಿಬಂದರೆ 352 ಕಿಲೋಮೀಟರ್ ಆಗುತ್ತದೆ. ಲೀಟರಿಗೆ 45 ಕಿಲೋಮೀಟರ್ ಓಡುವ ಸ್ಕೂಟರಿಗೆ ಇದು ಸುಮಾರು 7.8 ಲೀಟರ್ ಪೆಟ್ರೋಲಿನ ದಾರಿ. ಲೀಟರಿಗೆ 100 ರೂಪಾಯಿಯೆಂದು ಹಿಡಿದರೆ ಉಳಿತಾಯ 780 ರೂಪಾಯಿಯ ಆಸುಪಾಸು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ತಪ್ಪಿದ ಹೊಗೆ 18 ಕಿಲೋಗ್ರಾಂ. ಸುತ್ತಳತೆಯಲ್ಲಿ ಶೇಕಡ 1ರಷ್ಟು ತಪ್ಪಿದ್ದರೆ ಈ ಲೆಕ್ಕ ಕೆಡುವುದು ಎಂಟು ರೂಪಾಯಿಯಷ್ಟೆ.

ದೊಡ್ಡ ತಪ್ಪು ನುಸುಳುವುದು ಬೇರೆ ಕಡೆಯಿಂದ. ಅಮೆರಿಕದ ತೆರಿಗೆ ಇಲಾಖೆ 2024ರಲ್ಲಿ ವ್ಯವಹಾರದ ಕಾರು ಓಡಾಟಕ್ಕೆ ಮೈಲಿಗೆ 67 ಸೆಂಟ್ ದರ ನಿಗದಿಪಡಿಸಿತು, ವೈದ್ಯಕೀಯ ಓಡಾಟಕ್ಕೆ 21 ಸೆಂಟ್ ಮಾತ್ರ. ಮೊದಲನೆಯದರಲ್ಲಿ ವಿಮೆ ಮತ್ತು ಸವಕಳಿ, ಅಂದರೆ ವಾಹನ ಹಳೆಯದಾದಂತೆ ಕುಗ್ಗುವ ಬೆಲೆ, ಸೇರಿವೆ, ಎರಡನೆಯದು ಓಡಿದಷ್ಟಕ್ಕೆ ತಗಲುವ ಖರ್ಚನ್ನಷ್ಟೇ ಗಣಿಸುತ್ತದೆ. ವಾಹನ ಮನೆಯಲ್ಲೇ ನಿಂತಿರುವಾಗಲೂ ವಿಮೆ ಕಟ್ಟಲೇಬೇಕಾದ್ದರಿಂದ, ಅದನ್ನು ಮಾರದ ಸವಾರನು ಮೊದಲ ದರ ಹಿಡಿದು ಉಳಿತಾಯ ಎಣಿಸಿದರೆ ಸರಿಸುಮಾರು ಮೂರು ಪಟ್ಟು ಹಿಗ್ಗಿಸಿದಂತಾಗುತ್ತದೆ. ಭಾನುವಾರ ಹವ್ಯಾಸಕ್ಕೆ ತುಳಿದ ಕಿಲೋಮೀಟರುಗಳೂ ಈ ಖಾತೆಗೆ ಸಲ್ಲುವುದಿಲ್ಲ, ಏಕೆಂದರೆ ಅವು ಸ್ಕೂಟರಿನ ಯಾವ ಪಯಣವನ್ನೂ ತಪ್ಪಿಸಿಲ್ಲ. ತಿಂಗಳ ಬಸ್ ಪಾಸನ್ನು ಬಿಡದೆ ವಾರಕ್ಕೆರಡು ದಿನ ತುಳಿಯುವವರಿಗೆ ಉಳಿಯುವುದು ಸೊನ್ನೆ.

ಸೈಕಲ್ಲಿನದೇ ಖರ್ಚನ್ನೂ ಕಳೆಯಬೇಕು, ಮತ್ತು ಮಾಪಕದ ನಿಜವಾದ ಪ್ರಯೋಜನ ಬಹುಶಃ ಇಲ್ಲಿಯೇ ಇದೆ. ಚೈನಿನ ಪ್ರತಿ ಕೊಂಡಿಯ ಅಂತರ 12.7 ಮಿಲಿಮೀಟರ್, ಧೂಳು ಮತ್ತು ಎಣ್ಣೆ ಬೆರೆತು ಪಿನ್ನುಗಳು ಸವೆದಂತೆ ಈ ಅಂತರ ಹಿಗ್ಗುತ್ತದೆ, ಶೇಕಡ 0.75ರಷ್ಟು ಹಿಗ್ಗಿದ ಚೈನನ್ನು ಬದಲಿಸದಿದ್ದರೆ ಅದು ಹೆಚ್ಚು ಬೆಲೆಯ ಹಿಂದಿನ ಹಲ್ಲುಗಾಲಿಯನ್ನೂ ಸವೆಸುತ್ತದೆ. ಹಳೆಯ ಚೈನು ಎಷ್ಟು ಕಿಲೋಮೀಟರ್ ಬಾಳಿತೆಂದು ಬರೆದಿಟ್ಟ ಸವಾರನು, ಹೊಸದನ್ನು ಅಳೆದು ನೋಡಬೇಕಾದ ಕಾಲವನ್ನು ಮಾಪಕದ ಅಂಕಿಯಿಂದಲೇ ಊಹಿಸಬಲ್ಲನು.