ಸೋತ ಅರಸನ ಸ್ಮರಣೆ: ದಕ್ಷಿಣ ಆಫ್ರಿಕದ ಎಂಡೆಬೆಲೆ ಪರಂಪರೆ ಮತ್ತು ಪ್ರಜಾಪ್ರಭುತ್ವ

ಸತ್ತ ಅರಸನನ್ನು ಒಂದು ಸಮುದಾಯ ಯಾವ ಕಾರಣಕ್ಕಾಗಿ ನೆನೆಯುತ್ತದೆ ಎಂಬ ಪ್ರಶ್ನೆ ಜಾನಪದ ಅಧ್ಯಯನಕ್ಕೆ ಹೊಸದಲ್ಲ. ರಾಜ್ಯ ವಿಸ್ತರಿಸಿದವನು, ಕೆರೆ ಕಟ್ಟಿಸಿದವನು, ಶತ್ರುವನ್ನು ಮಣಿಸಿದವನು ಜನರ ಹಾಡಿನಲ್ಲಿ ಉಳಿಯುವುದು ಸಹಜ. ದಕ್ಷಿಣ ಆಫ್ರಿಕದ ಎಂಡೆಬೆಲೆ ಜನರು ಪ್ರತಿ ವರ್ಷ ಡಿಸೆಂಬರ್ 19ರಂದು ನೆನೆಯುವ ನ್ಯಾಬೆಲ ಇವುಗಳಲ್ಲಿ ಯಾವುದನ್ನೂ ಮಾಡಿದವನಲ್ಲ. ಅವನು ಯುದ್ಧದಲ್ಲಿ ಸೋತ, ನೆಲವನ್ನು ಕಳೆದುಕೊಂಡ, ತನ್ನ ಜನ ಪರರ ಹೊಲಗಳಿಗೆ ಹಂಚಿಹೋಗುವುದನ್ನು ತಡೆಯಲಾರದೆ ಹೋದ, ಬಾಳಿನ ದೀರ್ಘ ಭಾಗವನ್ನು ಸೆರೆಮನೆಯಲ್ಲಿ ಸವೆಸಿ 1902ರಲ್ಲಿ ತೀರಿಕೊಂಡ. ಹೀಗಿದ್ದೂ ಅವನ ಹೆಸರು ಆ ಜನರ ಪಾಲಿಗೆ ಅರಸುತನದ ಅಳತೆಗೋಲಾಗಿ ನಿಂತಿದೆ. ಆ ಅಳತೆಗೋಲು ಇಪ್ಪತ್ತನೆಯ ಶತಮಾನದ ರಾಜಕಾರಣದಲ್ಲಿ ಹೇಗೆ ಬಳಕೆಯಾಯಿತು, ಪ್ರಜಾಪ್ರಭುತ್ವದ ಕಾನೂನು ಅದರ ಬದಲಿಗೆ ಯಾವ ಅಳತೆಯನ್ನು ಮುಂದಿಟ್ಟಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ಸ್ಪಷ್ಟೀಕರಣ ಅಗತ್ಯ. ಎಂಡೆಬೆಲೆ ಎಂದೊಡನೆ ಹಲವರಿಗೆ ಜಿಂಬಾಬ್ವೆಯ ಮ್ಜಿಲಿಕಾಜಿ ಹಾಗೂ ಲೊಬೆಂಗುಲ ಅರಸರು ನೆನಪಾಗುತ್ತಾರೆ. ಇಲ್ಲಿ ಚರ್ಚಿಸುತ್ತಿರುವವರು ಅವರಿಗಿಂತ ಬಹಳ ಹಿಂದೆಯೇ ಟ್ರಾನ್ಸ್‌ವಾಲ್ ಪ್ರದೇಶದಲ್ಲಿ ನೆಲೆಸಿದ ಬೇರೊಂದು ಸಮುದಾಯದವರು. ಮನೆಯ ಗೋಡೆಗಳ ಮೇಲೆ ಹೆಂಗಸರು ಬಿಡಿಸುವ ಜ್ಯಾಮಿತೀಯ ಬಣ್ಣದ ಚಿತ್ತಾರಗಳಿಂದ, ಅದರಲ್ಲೂ ಎಸ್ತರ್ ಮಹ್ಲಾಂಗು ಅವರ ಕೃತಿಗಳಿಂದ, ಜಗತ್ತು ಇವರನ್ನು ಬಲ್ಲದು. ಮೌಖಿಕ ಪರಂಪರೆಯ ಪ್ರಕಾರ ಇವರ ಎರಡು ಮುಖ್ಯ ಶಾಖೆಗಳಾದ ಮನಾಲಾ ಮತ್ತು ಎಂಜುಂಜಾಗಳ ಮೂಲಪುರುಷರು ಮೂಸಿ ಎಂಬ ಅರಸನ ಮಕ್ಕಳು. ಕುರುಡನಾದ ಮುದಿ ತಂದೆ ಹಿರಿಯನಾದ ಮನಾಲನನ್ನು ಬೇಟೆಗೆ ಕಳುಹಿಸಿದಾಗ, ಕಿರಿಯನಾದ ಎಂಜುಂಜಾ ಅಣ್ಣನ ಸ್ಥಾನದಲ್ಲಿ ನಿಂತು ಅರಸುತನದ ಹರಕೆ ಪಡೆದನೆಂದು ಕಥೆ ಹೇಳುತ್ತದೆ. ಬೈಬಲ್ಲಿನ ಯಾಕೋಬ ಮತ್ತು ಏಸಾವರ ಪ್ರಸಂಗವನ್ನು ಹೋಲುವ ಈ ಕಥೆಗೆ ಮುಂದೆ ಸಿಕ್ಕ ಬೆಲೆಯನ್ನು ಕೊನೆಯಲ್ಲಿ ನೋಡಬಹುದು.

ನ್ಯಾಬೆಲ ಎಂಜುಂಜಾ ಶಾಖೆಯವನು. ಅವರ ರಾಜಧಾನಿ ಕೊನೊಮ್‌ಚಾರ್ಹೆಲೊ ಇಂದಿನ ಮ್ಪುಮಲಂಗಾ ಮತ್ತು ಲಿಂಪೊಪೊ ಪ್ರಾಂತಗಳ ಗಡಿಭಾಗದಲ್ಲಿ, ರೋಸೆನೆಕಾಲ್ ಎಂಬ ಊರಿನ ಹತ್ತಿರ, ಗುಹೆಗಳಿಂದ ತುಂಬಿದ ಬೆಟ್ಟಸಾಲಿನಲ್ಲಿತ್ತು. 1882ರ ಆಗಸ್ಟಿನಲ್ಲಿ ನೆರೆಯ ಪೆಡಿ ಜನರ ಅರಸ ಸೆಖುಖುನೆಯನ್ನು ಅವನ ದಾಯಾದಿ ಮಾಂಪುರು ಕೊಲ್ಲಿಸಿ, ನ್ಯಾಬೆಲನ ಆಶ್ರಯ ಬೇಡಿ ಬಂದ. ಬೋಯರ್ ಗಣರಾಜ್ಯ ಮಾಂಪುರುವನ್ನು ಒಪ್ಪಿಸಬೇಕೆಂದು ಕೇಳಿತು. ತಾನು ಮಾಂಪುರುವನ್ನು ನುಂಗಿಬಿಟ್ಟಿದ್ದೇನೆ, ಬೇಕಿದ್ದವರು ತನ್ನ ಹೊಟ್ಟೆ ಸೀಳಿ ತೆಗೆದುಕೊಳ್ಳಬೇಕು ಎಂಬರ್ಥದ ಉತ್ತರವನ್ನು ನ್ಯಾಬೆಲ ಕೊಟ್ಟನೆಂಬುದು ಜನಜನಿತ. ಅವನು ಈ ಮಾತನ್ನೇ ಆಡಿದನೇ ಎಂಬುದು ದಾಖಲೆಯ ಪ್ರಶ್ನೆ. ಜನ ಅವನ ಬಾಯಲ್ಲಿ ಇಂಥ ಮಾತನ್ನೇ ಇಟ್ಟದ್ದು ಜಾನಪದದ ಪ್ರಶ್ನೆ, ಮತ್ತು ಎರಡನೆಯದು ಇಲ್ಲಿ ಹೆಚ್ಚು ಮುಖ್ಯ.

ಪೀಟ್ ಜೌಬರ್ಟ್ ನೇತೃತ್ವದ ಬೋಯರ್ ಪಡೆ 1882ರ ಕೊನೆಯಲ್ಲಿ ಬೆಟ್ಟಗಳನ್ನು ಮುತ್ತಿತು. ನೇರ ದಾಳಿಯಿಂದ ಗುಹೆಗಳನ್ನು ಹಿಡಿಯಲಾಗದೆ ಡೈನಮೈಟ್ ಸಿಡಿಸಿತು, ಬೆಳೆ ಸುಟ್ಟಿತು, ದನಗಳನ್ನು ಹೊಡೆದುಕೊಂಡು ಹೋಯಿತು. ತಿಂಗಳುಗಟ್ಟಲೆ ನಡೆದ ಮುತ್ತಿಗೆಯ ಹಸಿವು ಕೊನೆಗೆ ಫಲ ನೀಡಿತು. 1883ರ ಜುಲೈಯಲ್ಲಿ ಮಾಂಪುರುವನ್ನು ಒಪ್ಪಿಸಬೇಕಾಯಿತು, ನ್ಯಾಬೆಲನೂ ಶರಣಾದ. ಮಾಂಪುರುವನ್ನು ಅದೇ ವರ್ಷ ನವೆಂಬರಿನಲ್ಲಿ ಪ್ರಿಟೋರಿಯಾದಲ್ಲಿ ಗಲ್ಲಿಗೇರಿಸಲಾಯಿತು. ನ್ಯಾಬೆಲನಿಗೆ ವಿಧಿಸಿದ್ದ ಮರಣದಂಡನೆ ಜೀವಾವಧಿ ಸೆರೆಯಾಗಿ ಬದಲಾಯಿತು. ಎಂಜುಂಜಾ ಜನರ ನೆಲ ಯುದ್ಧದಲ್ಲಿ ಭಾಗವಹಿಸಿದ ಬೋಯರರ ಪಾಲಾಯಿತು; ಕುಟುಂಬಗಳನ್ನು ಬಿಳಿಯರ ಹೊಲಗಳಿಗೆ ಐದು ವರ್ಷಗಳ ಕರಾರಿನ ಮೇಲೆ ಹಂಚಲಾಯಿತು. ಕರಾರು ಮುಗಿದ ಮೇಲೆಯೂ ಬಹುಪಾಲು ಜನಕ್ಕೆ ಹಿಂದಿರುಗಲು ನೆಲವಿರಲಿಲ್ಲ.

ಈ ಚದುರುವಿಕೆಯ ಫಲಿತವನ್ನು ಗಮನಿಸಬೇಕು. ಇತಿಹಾಸಕಾರ ಪೀಟರ್ ಡೇಲಿಯಸ್ ತೋರಿಸಿರುವಂತೆ, ಎಂಜುಂಜಾ ಜನರ ಪ್ರಬಲ ಸಮುದಾಯ ಪ್ರಜ್ಞೆ ರೂಪುಗೊಂಡದ್ದೇ ಜೀತದ ಈ ದಶಕಗಳಲ್ಲಿ. ಗಂಡುಮಕ್ಕಳ ದೀಕ್ಷಾವಿಧಿಯಾದ 'ಇಂಗೋಮಾ' ಹೊಲದ ಯಜಮಾನರ ನೆಲದ ಮೇಲೆಯೇ ಮುಂದುವರಿಯಿತು. ಒಟ್ಟಿಗೆ ದೀಕ್ಷೆ ಪಡೆದವರ ವಯೋಗಣಗಳು ಹೊಲದಿಂದ ಹೊಲಕ್ಕೆ ಚದುರಿದವರನ್ನು ಒಂದೇ ಅರಸನ ಪ್ರಜೆಗಳನ್ನಾಗಿ ಉಳಿಸಿದವು. ಗೋಡೆಯ ಚಿತ್ತಾರ ಪ್ರವರ್ಧಮಾನಕ್ಕೆ ಬಂದದ್ದೂ ಚದುರುವಿಕೆಯ ನಂತರದ ಕಾಲದಲ್ಲಿಯೇ. ಅರಸು ಸೆರೆಯಲ್ಲಿ, ನೆಲ ಪರರ ಕೈಯಲ್ಲಿ. ಆದರೂ ಅರಸುತನ ಇತ್ತು, ಏಕೆಂದರೆ ಅದನ್ನು ಹೊತ್ತವರು ಜನ. ಜನರಿಂದಲೇ ಅರಸು ಅರಸನಾಗುತ್ತಾನೆ ಎಂಬ, ದಕ್ಷಿಣ ಆಫ್ರಿಕದ ಹಲವು ಭಾಷೆಗಳಲ್ಲಿರುವ ಗಾದೆ ಇಲ್ಲಿ ಅಲಂಕಾರದ ಮಾತಾಗಿ ಉಳಿಯದೆ ಅಕ್ಷರಶಃ ನಿಜವಾಯಿತು. ಇಂದು ಡಿಸೆಂಬರ್ 19ರಂದು ಗುಹೆಗಳ ಬಳಿ ಜನ ಸೇರಿದಾಗ ಹೇಳುವ 'ಇಜಿಬೊಂಗೊ', ಅಂದರೆ ಅರಸರ ಬಿರುದಾವಳಿ, ಬರಿಯ ಹೊಗಳಿಕೆಯಲ್ಲ. ಈ ಪ್ರಕಾರದಲ್ಲಿ ಅರಸನ ಲೋಪವನ್ನು ಎತ್ತಿಹೇಳುವ ಸ್ವಾತಂತ್ರ್ಯವೂ ಹಾಡುಗಾರನಿಗಿದೆ ಎಂಬುದನ್ನು ವಿದ್ವಾಂಸರು ಮೊದಲಿನಿಂದಲೂ ಗುರುತಿಸಿದ್ದಾರೆ. ಸತ್ತವನ ಬಿರುದುಗಳು ಬದುಕಿರುವವನ ಎದುರಿನಲ್ಲಿಯೇ ಹೇಳಲ್ಪಡುತ್ತವೆ. ಹೋಲಿಕೆ ಅಲ್ಲಿಯೇ ನಡೆದುಹೋಗುತ್ತದೆ.

ವರ್ಣಭೇದದ ಸರ್ಕಾರ ಅರಸುತನವನ್ನು ಬೇರೊಂದು ಬಗೆಯಲ್ಲಿ ಅರ್ಥ ಮಾಡಿಕೊಂಡಿತ್ತು. 1951ರ ಬಂಟು ಅಧಿಕಾರಗಳ ಕಾಯಿದೆ ಮುಖ್ಯಸ್ಥರನ್ನು ಸರ್ಕಾರಿ ಆಡಳಿತದ ಕೆಳಮೆಟ್ಟಿಲನ್ನಾಗಿ ಮಾಡಿತು. ಮಹಮೂದ್ ಮಮ್ದಾನಿ 1996ರ ತಮ್ಮ ಗ್ರಂಥದಲ್ಲಿ ಈ ಬಗೆಯ ಆಳ್ವಿಕೆಯನ್ನು ವಿಕೇಂದ್ರೀಕೃತ ನಿರಂಕುಶತೆ ಎಂದು ಕರೆದದ್ದು ಪ್ರಸಿದ್ಧ. ಎಂಡೆಬೆಲೆಯವರಿಗಾಗಿ ಕ್ವಾಂಡೆಬೆಲೆ ಎಂಬ 'ತಾಯ್ನಾಡು' ರಚನೆಯಾಗಿ 1981ರಲ್ಲಿ ಸ್ವಯಮಾಡಳಿತ ಪಡೆಯಿತು. ಕಳೆದ ನೆಲ ಮರಳಬಹುದೆಂಬ ಆಸೆಯಿಂದ ಎಂಜುಂಜಾ ಅರಮನೆಯೂ ಆರಂಭದಲ್ಲಿ ಈ ವ್ಯವಸ್ಥೆಯೊಳಗಿತ್ತು ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಮುಖ್ಯಮಂತ್ರಿ ಸೈಮನ್ ಸ್ಕೊಸಾನಾ ಇದಕ್ಕೆ 1986ರ ಡಿಸೆಂಬರಿನಲ್ಲಿ ಹೆಸರಿಗೆ ಮಾತ್ರ ಸ್ವಾತಂತ್ರ್ಯ ಪಡೆಯಲು ಹೊರಟಾಗ ಚಿತ್ರ ಬದಲಾಯಿತು. ಆ ಸ್ವಾತಂತ್ರ್ಯವೆಂದರೆ ದಕ್ಷಿಣ ಆಫ್ರಿಕದ ಪೌರತ್ವದ ನಷ್ಟ. ಬಹುಪಾಲು ಪೆಡಿ ಭಾಷಿಕರಿದ್ದ ಮೌಟ್ಸೆ ಪ್ರದೇಶವನ್ನು 1986ರ ಜನವರಿಯಲ್ಲಿ ಬಲವಂತವಾಗಿ ಸೇರಿಸಿಕೊಳ್ಳಲಾಯಿತು. ಸರ್ಕಾರದ ಪರವಾದ 'ಎಂಬೊಕೊಡೊ' ಎಂಬ ಖಾಸಗಿ ದಂಡು ನೂರಾರು ಗಂಡಸರನ್ನು ಹಿಡಿದೊಯ್ದು ಹಿಂಸಿಸಿತು. ಇದೇ ವರ್ಷ ಮೇ 12ರಂದು ಅರಮನೆಯ ಅಂಗಳದಲ್ಲಿ ಸಾವಿರಾರು ಜನ ನೆರೆದು ಸ್ವಾತಂತ್ರ್ಯದ ಯೋಜನೆ ಕೈಬಿಡಬೇಕು, ದಂಡು ವಿಸರ್ಜನೆಯಾಗಬೇಕು ಎಂದು ಒತ್ತಾಯಿಸಿದರು. ಪೊಲೀಸರು ಅಶ್ರುವಾಯು ಸಿಡಿಸಿ ಸಭೆ ಚದುರಿಸಿದರು. ಮುಂದಿನ ತಿಂಗಳುಗಳ ಹಿಂಸೆಯಲ್ಲಿ ಅನೇಕರು ಸತ್ತರು. ಕೊನೆಗೆ ಆಗಸ್ಟ್ 12ರಂದು ಶಾಸನಸಭೆಯೇ ಯೋಜನೆಯಿಂದ ಹಿಂದೆ ಸರಿಯಿತು. ಶಾಲಾ ವಿದ್ಯಾರ್ಥಿಗಳು ಮತ್ತು ರಾಜಕುಮಾರರು ಒಂದೇ ಪಾಳೆಯದಲ್ಲಿ ನಿಂತ ಇಂಥ ನಿದರ್ಶನ ಆ ದೇಶದಲ್ಲಿ ಅಪರೂಪ; ಮುಖ್ಯಸ್ಥರೆಂದರೆ ಯುವಜನರಿಗೆ ಪ್ರಭುತ್ವದ ಕೈಗೊಂಬೆಗಳೆಂದೇ ತೋರುತ್ತಿದ್ದ ಕಾಲವದು.

ಯೋಜನೆಗೆ 1987ರಲ್ಲಿ ಮತ್ತೆ ಜೀವ ಬಂತು. ಆಗ ಹೋರಾಟ ನ್ಯಾಯಾಲಯಕ್ಕೆ ತಲುಪಿತು. ಕ್ವಾಂಡೆಬೆಲೆಯ 1984ರ ಚುನಾವಣೆಯಲ್ಲಿ ಹೆಂಗಸರಿಗೆ ಮತವಿರಲಿಲ್ಲ. ಸಂಪ್ರದಾಯ ಇದಕ್ಕೆ ಕೊಟ್ಟ ನೆಪ. 1988ರಲ್ಲಿ ನ್ಯಾಯಾಲಯ ಈ ಹೊರಗಿಡುವಿಕೆಯನ್ನು ಅಸಿಂಧುವೆಂದಿತು. ಅದೇ ವರ್ಷ ಡಿಸೆಂಬರಿನಲ್ಲಿ ಹೆಂಗಸರೂ ಮತ ಹಾಕಿದ ಚುನಾವಣೆಯಲ್ಲಿ, ರಾಜಕುಮಾರ ಜೇಮ್ಸ್ ಮಹ್ಲಾಂಗು ಮುಂದಾಳತ್ವದ ಸ್ವಾತಂತ್ರ್ಯವಿರೋಧಿ ಬಣ ಗೆದ್ದಿತು. ಸಂಪ್ರದಾಯದ ಹೆಸರಿನಲ್ಲಿ ಹೆಂಗಸರನ್ನು ಹೊರಗಿಟ್ಟದ್ದು ತಾಯ್ನಾಡಿನ 'ಆಧುನಿಕ' ಶಾಸನಸಭೆ. ಅವರ ಮತದಿಂದ ಗೆದ್ದದ್ದು ಅರಮನೆಯ ಪಕ್ಷ.

ಇಷ್ಟರಿಂದ ಪಾರಂಪರಿಕ ನಾಯಕತ್ವ ಸ್ವಭಾವತಃ ಪ್ರಜಾಸತ್ತಾತ್ಮಕ ಎಂದು ತೀರ್ಮಾನಿಸುವುದು ಅವಸರವಾದೀತು. ಸ್ಮರಣಾ ಸಭೆಗಳ ಭಾಷಣಕಾರರು ಹಲವೊಮ್ಮೆ ಈ ಅವಸರಕ್ಕೆ ಬೀಳುತ್ತಾರೆ. ಅದೇ ಕ್ವಾಂಡೆಬೆಲೆ ಪ್ರದೇಶದ ಕಾಲ್ಕ್‌ಫಾಂಟೇನ್ ಇದಕ್ಕೆ ಎದುರು ಸಾಕ್ಷಿ. 1920ರ ದಶಕದಲ್ಲಿ ಕೆಲವು ಕುಟುಂಬಗಳು ಸ್ವಂತ ಹಣ ಕೂಡಿಸಿ ಈ ಜಮೀನು ಕೊಂಡಿದ್ದವು. ವರ್ಣಭೇದದ ಕಾಲದಲ್ಲಿ ಅವರು ಒಪ್ಪದ ಎಂಜುಂಜಾ ಬುಡಕಟ್ಟು ಪ್ರಾಧಿಕಾರವೊಂದನ್ನು ಅವರ ಮೇಲೆ ಹೇರಲಾಯಿತು. 1994ರ ನಂತರವೂ ಆ ಗಡಿಗಳು ಅಳಿಯಲಿಲ್ಲ. ಸಾಮುದಾಯಿಕ ಭೂಮಿಯ ಆಡಳಿತದಲ್ಲಿ ಇಂಥ ಪ್ರಾಧಿಕಾರಗಳಿಗೆ ಪಾತ್ರ ಕೊಟ್ಟ 2004ರ ಭೂಕಾಯಿದೆಯನ್ನು ಕಾಲ್ಕ್‌ಫಾಂಟೇನ್ ಜನ ಇತರ ಮೂರು ಸಮುದಾಯಗಳೊಂದಿಗೆ ಪ್ರಶ್ನಿಸಿದರು. 2010ರ ಮೇ ತಿಂಗಳಲ್ಲಿ ಸಂವಿಧಾನ ನ್ಯಾಯಾಲಯ ಆ ಕಾಯಿದೆಯನ್ನು ರದ್ದುಪಡಿಸಿತು. ಲುಂಗಿಸಿಲೆ ಎಂಟ್ಸೆಬೆಜಾ ಅವರಂಥ ವಿದ್ವಾಂಸರ ಆಕ್ಷೇಪವೂ ಇದೇ: ಚುನಾಯಿತರಾಗದ ಮುಖ್ಯಸ್ಥರ ಕೈಗೆ ಭೂಮಿಯನ್ನು ಕೊಟ್ಟರೆ ಹಳ್ಳಿಗರ ಪೌರತ್ವ ಅರ್ಧವಾಗುತ್ತದೆ.

1996ರ ಸಂವಿಧಾನದ 211 ಮತ್ತು 212ನೆಯ ವಿಧಿಗಳು ಪಾರಂಪರಿಕ ನಾಯಕತ್ವವನ್ನು ಸಂವಿಧಾನಕ್ಕೆ ಅಧೀನವಾಗಿ ಮನ್ನಿಸುತ್ತವೆ. 2003ರ ಚೌಕಟ್ಟು ಕಾಯಿದೆ ಪಾರಂಪರಿಕ ಮಂಡಳಿಗಳಲ್ಲಿ ಕನಿಷ್ಠ ಮೂರನೆಯ ಒಂದು ಭಾಗ ಹೆಂಗಸರಿರಬೇಕು, ಶೇ. 40ರಷ್ಟು ಸದಸ್ಯರು ಚುನಾಯಿತರಾಗಬೇಕು ಎಂದಿತು. ಮುಖ್ಯಸ್ಥ ಆರಿಸುವ ಶೇ. 60ರ ಪಾಲೇ ದೊಡ್ಡದು ಎಂಬುದನ್ನು ಓದುಗರು ಲೆಕ್ಕ ಹಾಕಬಲ್ಲರು. ಇದನ್ನೂ ಒಳಗೊಂಡು ರೂಪಿಸಿದ 2019ರ ಪಾರಂಪರಿಕ ಮತ್ತು ಖೋಯ್-ಸಾನ್ ನಾಯಕತ್ವ ಕಾಯಿದೆಯನ್ನು, ಜನರ ಅಭಿಪ್ರಾಯವನ್ನು ಸರಿಯಾಗಿ ಕೇಳಲಿಲ್ಲವೆಂಬ ಕಾರಣಕ್ಕೆ, ಸಂವಿಧಾನ ನ್ಯಾಯಾಲಯ 2023ರಲ್ಲಿ ಅಸಿಂಧುವೆಂದು ಸಾರಿ, ಸರಿಪಡಿಸಲು 24 ತಿಂಗಳ ಅವಕಾಶ ಕೊಟ್ಟಿತು.

ಅರಸು ಯಾರೆಂಬ ಪ್ರಶ್ನೆಗೂ ಕಾನೂನು ತನ್ನದೇ ದಾರಿ ಹಿಡಿಯಿತು. ಪ್ರೊ. ಥಂಡಬಂಟು ಎನ್ಹ್ಲಾಪೊ ಅಧ್ಯಕ್ಷತೆಯ ಆಯೋಗ ದೇಶದ ದೊರೆತನಗಳ ವಂಶಾವಳಿಗಳನ್ನು ಪರಿಶೀಲಿಸಿತು. 2010ರಲ್ಲಿ ಪ್ರಕಟವಾದ ತೀರ್ಮಾನದಂತೆ ಎಂಡೆಬೆಲೆ ದೊರೆತನ ಮನಾಲಾ ಶಾಖೆಗೆ ಸೇರಿತು. ಎಂಜುಂಜಾ ದೊರೆತನ ಆಗ ಪಟ್ಟದಲ್ಲಿದ್ದವನ ಕಾಲಕ್ಕೆ ಮುಗಿಯಬೇಕಿತ್ತು. ಎಂಜುಂಜಾ ಅರಮನೆ ಇದನ್ನು ಒಪ್ಪಲಿಲ್ಲ. ಕುರುಡ ತಂದೆ, ಬೇಟೆಗೆ ಹೋದ ಹಿರಿಯ, ಹರಕೆ ಪಡೆದ ಕಿರಿಯ: ಒಲೆಯ ಸುತ್ತ ಹೇಳುತ್ತಿದ್ದ ಕಥೆ ಸರ್ಕಾರಿ ಆಯೋಗದ ಎದುರಿನ ವಾದದ ತಿರುಳಾಯಿತು. ಮೌಖಿಕ ಕಥೆಗೆ ದಾಖಲೆಯ ಗೌರವ ಸಿಕ್ಕಿತೆಂದು ಜಾನಪದ ವಿದ್ವಾಂಸರು ಹಿಗ್ಗಬಹುದು. ಆದರೆ ಆಯೋಗ ಹುಡುಕಿದ್ದು ಹಿರಿತನವನ್ನು, ಡಿಸೆಂಬರ್ 19ರ ಸಭೆ ಅಳೆಯುವುದು ನಡತೆಯನ್ನು. ಆಶ್ರಯ ಬೇಡಿದವನಿಗಾಗಿ ಅರಸು ಏನನ್ನು ತೆತ್ತ ಎಂಬ ಪ್ರಶ್ನೆಗೆ ವಂಶಾವಳಿಯಲ್ಲಿ ಉತ್ತರವಿಲ್ಲ.

2013ರಲ್ಲಿ ಪ್ರಿಟೋರಿಯಾದ ಕೇಂದ್ರ ಕಾರಾಗೃಹಕ್ಕೆ ಹೊಸ ಹೆಸರಿಡಲಾಯಿತು. ಅದು ಈಗ, ನ್ಯಾಬೆಲ ಹೊಟ್ಟೆಯಲ್ಲಿ ಅಡಗಿಸಿಟ್ಟುಕೊಂಡಿದ್ದ ಆ ಆಶ್ರಿತನ ಹೆಸರಿನಲ್ಲಿ, ಕ್ಗೋಸಿ ಮಾಂಪುರು ಕಾರಾಗೃಹ.