ಹೆದ್ದಾರಿ ಯಾರ ಸೊತ್ತು?

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದರು. ಆದರೆ ದೇಶ ಸುತ್ತುವವರಲ್ಲಿ ಎರಡು ಬಗೆಯುಂಟು. ತಿಳಿವನ್ನು ಬಯಸಿ ಹೊರಟವನಿಗೆ ಹಿಂದಿರುಗಲು ಮನೆಯೊಂದಿರುತ್ತದೆ; ಅನ್ನವನ್ನರಸಿ ಹೊರಟವನಿಗೆ ಅದೂ ಇರುವುದಿಲ್ಲ. ಮೊದಲನೆಯವನನ್ನು ಲೋಕವು ಪ್ರವಾಸಿಯೆಂದು ಆದರಿಸುತ್ತದೆ. ಎರಡನೆಯವನನ್ನು ಅಲೆಮಾರಿಯೆಂದು ಶಂಕಿಸುತ್ತದೆ. ಈ ಎರಡನೆಯವನಿಗೆ ಸ್ವದೇಶದೊಳಗೆ ತನಗೆ ಬೇಕಾದ ಊರಿಗೆ ಹೋಗಿ ಬಾಳನ್ನು ಹೊಸದಾಗಿ ಕಟ್ಟಿಕೊಳ್ಳುವ ಹಕ್ಕುಂಟೇ? ಅಮೆರಿಕದ ಸಂಯುಕ್ತ ಸಂಸ್ಥಾನಗಳು ಈ ಪ್ರಶ್ನೆಯನ್ನು ಒಬ್ಬ ಬಡ ಸಂಸಾರಿಯ ಮೋಟಾರು ಪ್ರಯಾಣದ ಮೂಲಕ ಬಗೆಹರಿಸಿಕೊಂಡವು. ಆ ವೃತ್ತಾಂತವು ಅಧಿಕಾರಸ್ಥಾನದಲ್ಲಿರುವವರೆಲ್ಲರೂ ಮನನ ಮಾಡತಕ್ಕದ್ದಾಗಿದೆ.

1939ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯದ ಮೇರಿಸ್‌ವಿಲ್ ಪಟ್ಟಣದ ನಿವಾಸಿ ಫ್ರೆಡ್ ಎಡ್ವರ್ಡ್ಸ್ ಎಂಬಾತನು ಟೆಕ್ಸಸ್ ಸಂಸ್ಥಾನದ ಸ್ಪರ್ ಎಂಬ ಊರಿಗೆ ಹೋದನು. ಅಲ್ಲಿ ಅವನ ಹೆಂಡತಿಯ ಸೋದರನು ಕೆಲಸವಿಲ್ಲದೆ ಕುಳಿತಿದ್ದನು. ಅವನನ್ನು ತನ್ನೂರಿಗೆ ಕರೆತರುವುದೇ ಎಡ್ವರ್ಡ್ಸನ ಉದ್ದೇಶ. 1940ರ ಜನವರಿ 1ರಂದು ಇಬ್ಬರೂ ಎಡ್ವರ್ಡ್ಸನ ಮೋಟಾರಿನಲ್ಲಿ ಹೊರಟು, 3ರಂದು ಕ್ಯಾಲಿಫೋರ್ನಿಯದ ಗಡಿಯನ್ನು ದಾಟಿ, 5ರಂದು ಮೇರಿಸ್‌ವಿಲ್ ಸೇರಿದರು. ಹೊರಡುವಾಗ ಭಾವಮೈದುನನ ಕಿಸೆಯಲ್ಲಿ ಸುಮಾರು 20 ಡಾಲರುಗಳಿದ್ದವು. ಊರು ಸೇರುವಷ್ಟರಲ್ಲಿ ಅವೆಲ್ಲವೂ ಖರ್ಚಾಗಿದ್ದವು. ಹತ್ತಾರು ದಿನ ಅವನು ಎಡ್ವರ್ಡ್ಸನ ಮನೆಯಲ್ಲಿಯೇ ಉಂಡುಕೊಂಡಿದ್ದು, ಆಮೇಲೆ ಕೇಂದ್ರ ಸರಕಾರದ ಕೃಷಿ ರಕ್ಷಣಾ ಇಲಾಖೆಯಿಂದ ಸಹಾಯ ಪಡೆದನು. ಇಷ್ಟೇ ನಡೆದದ್ದು. ಇದಕ್ಕಾಗಿ ಎಡ್ವರ್ಡ್ಸನ ಮೇಲೆ ಫೌಜುದಾರಿ ಖಟ್ಲೆ ಹೂಡಿ, ಆರು ತಿಂಗಳ ಸೆರೆವಾಸವನ್ನು ವಿಧಿಸಿ, ಶಿಕ್ಷೆಯನ್ನು ಅಮಾನತ್ತಿನಲ್ಲಿಟ್ಟರು. ಅವನು ಮಾಡಿದ ಅಪರಾಧವೇನು? ನಿರ್ಗತಿಕನೆಂದು ತಿಳಿದೂ ಒಬ್ಬ ಪರಸಂಸ್ಥಾನದವನನ್ನು ಒಳಕ್ಕೆ ಕರೆತಂದುದು! ನೆಂಟನನ್ನು ಮನೆಗೆ ಕರೆತರುವುದು ಕ್ಯಾಲಿಫೋರ್ನಿಯದ ಕಾಯಿದೆಯ 2615ನೆಯ ಕಲಮಿನ ಪ್ರಕಾರ ಅಪರಾಧವಾಗಿತ್ತು.

ಇಂಥ ಕಾಯಿದೆಯ ಹಿಂದಿದ್ದ ಭಯವನ್ನು ಅರಿಯಬೇಕಾದರೆ ಆ ದಶಕದ ಕಷ್ಟವನ್ನು ಅರಿಯಬೇಕು. 1929ರಲ್ಲಿ ಪೌಂಡಿಗೆ 16–17 ಸೆಂಟುಗಳಿದ್ದ ಹತ್ತಿಯ ಧಾರಣೆಯು 1931ರ ಹೊತ್ತಿಗೆ ಆರು ಸೆಂಟಿನ ಆಸುಪಾಸಿಗೆ ಇಳಿಯಿತು. ಅದೇ ವರ್ಷ ಮಧ್ಯದ ಬಯಲು ಸೀಮೆಯಲ್ಲಿ ಅನಾವೃಷ್ಟಿಯು ಮೊದಲಾಯಿತು. ಮೊದಲನೆಯ ಮಹಾಯುದ್ಧದ ಕಾಲದ ಗೋಧಿಯ ಬೆಲೆಯ ಆಸೆಯಿಂದ ಹುಲ್ಲುಗಾವಲನ್ನೆಲ್ಲ ಉತ್ತುಹಾಕಿದ್ದ ನೆಲದಲ್ಲಿ ಮಣ್ಣನ್ನು ಹಿಡಿದಿಡುವ ಬೇರೇ ಉಳಿದಿರಲಿಲ್ಲ. 1934ರ ಮೇ ತಿಂಗಳಲ್ಲಿ ಎದ್ದ ಧೂಳು ಪೂರ್ವತೀರದ ನಗರಗಳ ಮೇಲೆ ಕವಿದು, ಅಟ್ಲಾಂಟಿಕ್ ಸಮುದ್ರದ ಹಡಗುಗಳ ಮೇಲೂ ಬಿದ್ದಿತು. 1935ರ ಏಪ್ರಿಲ್ 14, ಭಾನುವಾರ, ನಡುಹಗಲನ್ನೇ ಕತ್ತಲೆಯನ್ನಾಗಿ ಮಾಡಿದ ಕರಿಯ ಧೂಳಿನ ಗೋಡೆಯೊಂದು ಓಕ್ಲಹೋಮ ಮತ್ತು ಟೆಕ್ಸಸ್ಸಿನ ಮೇಲೆ ಹಾಯ್ದುಹೋಯಿತು.

ಆದರೆ ಧೂಳೊಂದೇ ಜನರನ್ನು ಹೊರದೂಡಿತೆಂಬುದು ಸರಿಯಲ್ಲ. ವಲಸೆ ಹೋದವರಲ್ಲಿ ಬಹುಮಂದಿ ಧೂಳು ಕವಿದ ಸೀಮೆಯವರೇ ಅಲ್ಲ. ಅದರ ಪೂರ್ವಕ್ಕಿದ್ದ ಹತ್ತಿಯ ನಾಡಿನವರು, ಪರರ ಹೊಲವನ್ನು ಪಾಲಿಗೆ ಉಳುತ್ತಿದ್ದವರು. ಬೆಲೆಯನ್ನು ಏರಿಸುವುದಕ್ಕಾಗಿ ಸಾಗುವಳಿಯನ್ನು ತಗ್ಗಿಸಿದವರಿಗೆ ಹಣ ಕೊಡುವ ಕಾನೂನನ್ನು ಕೇಂದ್ರ ಸರಕಾರವು 1933ರಲ್ಲಿ ಮಾಡಿತು. ಹಣವು ಬಹುಪಾಲು ಭೂಮಾಲೀಕನ ಕೈಸೇರಿತು; ಬಿತ್ತದೆ ಬಿಟ್ಟ ಹೊಲದ ಒಕ್ಕಲು ಬೀದಿಗೆ ಬಿದ್ದನು. ಆ ಹಣದಿಂದ ಟ್ರಾಕ್ಟರನ್ನು ಕೊಂಡ ಮಾಲೀಕನಿಗೆ ಹಲವು ಒಕ್ಕಲುಗಳ ಅವಶ್ಯಕತೆಯೇ ಇಲ್ಲದಂತಾಯಿತು. ಸದುದ್ದೇಶದಿಂದ ಮಾಡಿದ ಕಾನೂನು ಅತ್ಯಂತ ದುರ್ಬಲನ ತಲೆಯ ಮೇಲೆ ಬೀಳುವುದು ಹೀಗೆ.

ಹೊರಟವರಿಗೆ ದಾರಿಯೊಂದು ಸಿದ್ಧವಾಗಿತ್ತು. ಚಿಕಾಗೋ ನಗರದಿಂದ ಪಡುವಣ ಕಡಲಿನವರೆಗೆ ಎಂಟು ಸಂಸ್ಥಾನಗಳನ್ನು ಹಾಯ್ದು ಹೋಗುವ, ಸುಮಾರು 2,400 ಮೈಲಿಗಳ 66ನೆಯ ನಂಬರಿನ ಹೆದ್ದಾರಿಯನ್ನು 1926ರಲ್ಲಿ ಗೊತ್ತುಮಾಡಲಾಗಿತ್ತು. ಮೊದಲೇ ಹೋಗಿ ನೆಲಸಿದ್ದ ನೆಂಟರ ಕಾಗದಗಳು ಅವರಿಗೆ ಧೈರ್ಯ ಕೊಟ್ಟವು. ಹಳೆಯ ಮೋಟಾರಿನ ಮೇಲೆ ಹಾಸಿಗೆ, ಪಕ್ಕದಲ್ಲಿ ನೀರಿನ ಚೀಲ, ಹಿಂದೆ ಪಾತ್ರೆ ಪರಡಿ, ಒಳಗೆ ಮುದುಕರು ಮಕ್ಕಳು. ಆ ಸಂಸಾರಗಳು ಅಮರಿಲೊ, ಆಲ್ಬುಕರ್ಕಿ, ಫ್ಲ್ಯಾಗ್‌ಸ್ಟಾಫ್‌ಗಳನ್ನು ದಾಟಿ ಅರಿಜೋನದ ಕಡಿದಾದ ಘಟ್ಟಕ್ಕೆ ಬರುತ್ತಿದ್ದವು. ಫೋರ್ಡ್ ಕಂಪನಿಯ ಹಳೆಯ ಟಿ ಮಾದರಿಯ ಮೋಟಾರಿನಲ್ಲಿ ಪೆಟ್ರೋಲು ತನ್ನ ಭಾರದಿಂದಲೇ ಎಂಜಿನಿಗೆ ಇಳಿಯಬೇಕು. ಕಡಿದಾದ ಏರಿನಲ್ಲಿ ಅದು ಇಳಿಯುವುದಿಲ್ಲ. ಆದುದರಿಂದ ಗಾಡಿಯನ್ನು ತಿರುಗಿಸಿ ಹಿಮ್ಮುಖವಾಗಿ ಘಟ್ಟ ಹತ್ತಿಸುವವರೂ ಇದ್ದರು. ಮುಖವನ್ನು ಬಿಟ್ಟುಬಂದ ಊರಿನ ಕಡೆಗೆ ಮಾಡಿ, ಬೆನ್ನನ್ನು ಬರಲಿರುವ ಬಾಳಿಗೆ ಕೊಟ್ಟು ಏರುವ ಆ ಪ್ರಯಾಣವನ್ನು ನೆನೆದರೆ ಯಾರ ಮನಸ್ಸು ಕರಗದು? ಘಟ್ಟದ ಆಚೆಗೆ ಕೊಲೊರಾಡೋ ನದಿ. ನದಿಯ ಆಚೆಗೆ ಮೊಹಾವಿ ಮರುಭೂಮಿ. ಬಿಸಿಲಿಗೆ ಹೆದರಿ ಅದನ್ನು ರಾತ್ರಿಯ ಹೊತ್ತು ದಾಟುತ್ತಿದ್ದರು. ಹೀಗೆ ಆ ದಶಕದಲ್ಲಿ ನೈಋತ್ಯದ ಸಂಸ್ಥಾನಗಳಿಂದ ಕ್ಯಾಲಿಫೋರ್ನಿಯಕ್ಕೆ ಬಂದವರು ಮೂರು ಲಕ್ಷಕ್ಕೂ ಮಿಕ್ಕಿದ್ದರು.

ಬಂದವರನ್ನು ಎದುರುಗೊಂಡುದೇನು? 1936ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ನಗರದ ಪೋಲೀಸ್ ಮುಖ್ಯಾಧಿಕಾರಿ ಜೇಮ್ಸ್ ಡೇವಿಸನು 136 ಮಂದಿ ಪೋಲೀಸರನ್ನು ತನ್ನ ನಗರದ ಎಲ್ಲೆಯಿಂದ ಬಹುದೂರದ ಸಂಸ್ಥಾನದ ಗಡಿಗೆ ಕಳುಹಿಸಿ, 16 ಪ್ರವೇಶಸ್ಥಾನಗಳಲ್ಲಿ ನಿಲ್ಲಿಸಿದನು. ಜೀವನೋಪಾಯವಿಲ್ಲದವರೆಂದು ತೋರಿದವರನ್ನು ಅಲ್ಲಿಂದಲೇ ಹಿಂದಟ್ಟಲಾಯಿತು. ಸುಮಾರು ಎರಡು ತಿಂಗಳು ಈ ತಡೆ ನಡೆಯಿತು. ತಡೆಯನ್ನು ದಾಟಿದವರಿಗೆ ‘ಓಕಿ’ ಎಂಬ ಹೀನಾಯದ ಹೆಸರು ಕಾದಿತ್ತು.

ಕ್ಯಾಲಿಫೋರ್ನಿಯದವರ ಮಾತನ್ನೂ ನ್ಯಾಯವಾಗಿ ಕೇಳಬೇಕು. ಕರ್ನ್ ಎಂಬ ಜಿಲ್ಲೆಯ ಜನಸಂಖ್ಯೆಯು ಆ ಹತ್ತು ವರ್ಷಗಳಲ್ಲಿ ಶೇಕಡಾ 60ಕ್ಕಿಂತ ಹೆಚ್ಚಿತು. ಶಾಲೆ, ಆಸ್ಪತ್ರೆ, ಬಡವರ ಪರಿಹಾರ ಇವೆಲ್ಲಕ್ಕೂ ತೆರಿಗೆ ಕೊಡಬೇಕಾದವರು ಸ್ಥಳೀಕರು. ಅವರ ಚಿಂತೆ ಸುಳ್ಳಾಗಿರಲಿಲ್ಲ. ಆದರೆ ಹತ್ತಿ ಬಿಡಿಸುವಾಗ, ಹಣ್ಣು ಕೀಳುವಾಗ ಕೂಲಿ ಇಳಿಯುವಷ್ಟು ಕೈಗಳು ಬೇಕು. ಸುಗ್ಗಿ ಮುಗಿದ ಮಾರನೆಯ ದಿನ ಆ ಕೈಗಳಿಗೆ ಸೇರಿದ ಹೊಟ್ಟೆಗಳು ಕಾಣಬಾರದು ಎಂಬುದು ಯಾವ ಧರ್ಮ? ದೊಡ್ಡ ಜಮೀನುದಾರರ ನಡತೆಯು ಈ ಬಗೆಯದಾಗಿತ್ತು. ಜಾನ್ ಸ್ಟೈನ್‌ಬೆಕ್ ಎಂಬ ಕಾದಂಬರಿಕಾರನು 1939ರಲ್ಲಿ ಈ ವಲಸೆಗಾರರ ಕಥೆಯನ್ನು ಬರೆದಾಗ, ಅದೇ ಕರ್ನ್ ಜಿಲ್ಲೆಯ ಆಡಳಿತ ಮಂಡಲಿಯು ಆ ಪುಸ್ತಕವನ್ನು ತನ್ನ ಶಾಲೆಗಳಿಂದಲೂ ಪುಸ್ತಕಾಲಯಗಳಿಂದಲೂ ಬಹಿಷ್ಕರಿಸಿತು.

ಆದರೆ ಬೇರೊಂದು ಮಾರ್ಗವೂ ಸಾಧ್ಯವೆಂಬುದಕ್ಕೆ ನಿದರ್ಶನವು ಆ ಜಿಲ್ಲೆಯಲ್ಲಿಯೇ ಇತ್ತು. ಆರ್ವಿನ್ ಎಂಬಲ್ಲಿ ಕೇಂದ್ರ ಸರಕಾರವು ವಲಸೆಗಾರರಿಗಾಗಿ ಬೀಡೊಂದನ್ನು ನಡೆಸಿತು. ನಲ್ಲಿಯ ನೀರು, ಸ್ನಾನದ ಕೋಣೆ, ಶೌಚಗೃಹ ಇವು ಅಲ್ಲಿದ್ದವು. ಇವೆಲ್ಲಕ್ಕಿಂತ ಮಿಗಿಲಾಗಿ, ನಿವಾಸಿಗಳೇ ಚುನಾಯಿಸಿದ ಸಮಿತಿಗಳಿಂದ ಬೀಡಿನ ಆಡಳಿತವು ನಡೆಯುತ್ತಿತ್ತು. ಟಾಮ್ ಕಾಲಿನ್ಸ್ ಎಂಬ ಅಧಿಕಾರಿ ಅದರ ವ್ಯವಸ್ಥಾಪಕನಾಗಿದ್ದನು. ಗಡಿಯ ಪೋಲೀಸನೂ ಸರಕಾರಿ ನೌಕರ, ಕಾಲಿನ್ಸನೂ ಸರಕಾರಿ ನೌಕರ. ಒಬ್ಬನು ಬಂದವನನ್ನು ಹೊರೆಯೆಂದು ಕಂಡನು. ಇನ್ನೊಬ್ಬನು ಪ್ರಜೆಯೆಂದು ಕಂಡನು.

ಎಡ್ವರ್ಡ್ಸನ ಖಟ್ಲೆಯು ಸಂಯುಕ್ತ ಸಂಸ್ಥಾನಗಳ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, 1941ರ ನವೆಂಬರ್ 24ರಂದು ತೀರ್ಪಾಯಿತು. ಕ್ಯಾಲಿಫೋರ್ನಿಯದ ಕಲಮು ರಾಜ್ಯಘಟನೆಗೆ ವಿರುದ್ಧವೆಂದು ನ್ಯಾಯಾಧೀಶರೆಲ್ಲರೂ ಒಮ್ಮತದಿಂದ ಹೇಳಿದರು. ಬಡವರನ್ನು ಸಾಂಕ್ರಾಮಿಕ ರೋಗಕ್ಕೆ ಸಮಾನವೆಂದು ಭಾವಿಸಿದ 1837ರ ತೀರ್ಪೊಂದರ ದೃಷ್ಟಿಯನ್ನು ನ್ಯಾಯಾಧೀಶ ಬರ್ನ್ಸರು ಈಗ ಒಪ್ಪಲಾಗದೆಂದು ತಿರಸ್ಕರಿಸಿದರು. ಆದರೆ ಬಹುಮತದ ತೀರ್ಪು ಅಂತರ್‌ಸಂಸ್ಥಾನ ವಾಣಿಜ್ಯದ ವಿಧಿಯನ್ನು ಆಧರಿಸಿತ್ತು. ನ್ಯಾಯಾಧೀಶ ಡಗ್ಲಸರು ಅಷ್ಟಕ್ಕೆ ತೃಪ್ತರಾಗಲಿಲ್ಲ. ದನ, ಹಣ್ಣು, ಉಕ್ಕು, ಕಲ್ಲಿದ್ದಲುಗಳ ಸಾಗಾಟಕ್ಕಿಂತ ಮನುಷ್ಯನ ಸಂಚಾರಕ್ಕೆ ಮೇಲಾದ ಸ್ಥಾನವಿರಬೇಕೆಂದು ಅವರು ಬೇರೆಯಾಗಿ ಬರೆದರು. ಕಿಸೆಯಲ್ಲಿ ಹಣವಿಲ್ಲವೆಂಬುದು ನಾಗರಿಕನ ಹಕ್ಕನ್ನು ಅಳೆಯುವ ಅಳತೆಯೇ ಅಲ್ಲವೆಂಬುದು ನ್ಯಾಯಾಧೀಶ ಜಾಕ್ಸನ್ನರ ಅಭಿಪ್ರಾಯದ ತಾತ್ಪರ್ಯ.

ಹದಿಮೂರು ದಿನಗಳಲ್ಲಿ ಅಮೆರಿಕವು ಯುದ್ಧಕ್ಕೆ ಸಿಲುಕಿತು. ಹಡಗು ಕಟ್ಟುವ ಕಟ್ಟೆಗಳಿಗೂ ವಿಮಾನದ ಕಾರ್ಖಾನೆಗಳಿಗೂ ಆಳುಗಳು ಸಾಲದಾದಾಗ ನಿನ್ನೆಯ ಹೊರೆಯೇ ಇಂದಿನ ಬಲವಾಯಿತು. ಹಾಗೆಂದು ಎಲ್ಲರಿಗೂ ಹಾದಿಯು ಸಮನಾಗಿ ತೆರೆಯಿತೆಂದು ತಿಳಿಯಬಾರದು. ನೀಗ್ರೋ ಪ್ರಯಾಣಿಕರು ಎಲ್ಲಿ ಉಣಬಹುದು, ಎಲ್ಲಿ ತಂಗಬಹುದು ಎಂದು ತಿಳಿಸಲು 1936ರಿಂದ ಬೇರೆ ಕೈಪಿಡಿಯೇ ಪ್ರಕಟವಾಗಬೇಕಾಯಿತು. 1942ರಲ್ಲಿ ಜಪಾನೀ ಮೂಲದ ನಾಗರಿಕರನ್ನು ಅದೇ ಕ್ಯಾಲಿಫೋರ್ನಿಯದಿಂದ ಎಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಹೊಸದಾಗಿ ಬಂದವರಿಗೆ ಮೊದಲ ವರ್ಷ ಪರಿಹಾರಧನವನ್ನು ಮಿತಗೊಳಿಸುವ ಆ ಸಂಸ್ಥಾನದ ಮತ್ತೊಂದು ಕಾನೂನನ್ನು ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ತಳ್ಳಿಹಾಕಬೇಕಾಯಿತು. 66ನೆಯ ಹೆದ್ದಾರಿಯ ಹೆಸರು 1985ರಲ್ಲಿ ಸರಕಾರಿ ಪಟ್ಟಿಯಿಂದ ಹೋಯಿತು. ಅದರ ಮೇಲೆ ಹುಟ್ಟಿದ ಪ್ರಶ್ನೆಯು ಹೋಗಲಿಲ್ಲ.

ನಮ್ಮ ರಾಜ್ಯಾಂಗದ 19ನೆಯ ಅನುಚ್ಛೇದವು ಭಾರತದ ಯಾವ ಭಾಗಕ್ಕಾದರೂ ಹೋಗುವ, ಯಾವ ಭಾಗದಲ್ಲಾದರೂ ನೆಲಸುವ ಹಕ್ಕನ್ನು ಪ್ರತಿಯೊಬ್ಬ ಪ್ರಜೆಗೂ ಕೊಟ್ಟಿದೆ. ಅಮೆರಿಕದ ನ್ಯಾಯಾಧೀಶರು ತರ್ಕದಿಂದ ಕಂಡುಕೊಂಡುದನ್ನು ನಮ್ಮವರು ಸ್ಪಷ್ಟಾಕ್ಷರಗಳಲ್ಲಿ ಬರೆದಿಟ್ಟರು. ಆದರೆ 2020ರ ಬೇಸಗೆಯಲ್ಲಿ ಗಂಟು ಹೊತ್ತು, ಮಗುವನ್ನೆತ್ತಿ, ಹೆದ್ದಾರಿಗಳ ಮೇಲೆ ನಡೆದುಹೋದ ಕೂಲಿಕಾರರನ್ನು ಕಂಡವರಿಗೆ ಅಕ್ಷರಕ್ಕೂ ಆಚರಣೆಗೂ ಇರುವ ದೂರವು ತಿಳಿಯದ ಸಂಗತಿಯಲ್ಲ. ಹಕ್ಕು ಗ್ರಂಥದಲ್ಲಿರುತ್ತದೆ, ಅದು ಬದುಕುವುದು ಗಡಿಯ ಕಾವಲುಗಾರನ, ಕಚೇರಿಯ ಗುಮಾಸ್ತನ, ಬಾಡಿಗೆಗೆ ಮನೆ ಕೊಡುವ ಗೃಹಸ್ಥನ ನಡತೆಯಲ್ಲಿ. ಮನೆ ಬಿಟ್ಟು ಬಂದವನು ಬಾಗಿಲಲ್ಲಿ ನಿಂತಾಗ, ಅವನ ಕಿಸೆಯನ್ನು ನೋಡುವ ಮೊದಲು ಅವನ ಮುಖವನ್ನು ನೋಡುವ ಸೌಜನ್ಯವಿರುವ ನಾಡು ಮಾತ್ರ ತಾನು ಒಂದೇ ನಾಡೆಂದು ಹೇಳಿಕೊಳ್ಳಬಲ್ಲುದು.