ಟೊಮೇಟೊ ಕಲಿಸಿದ ಅರ್ಥಶಾಸ್ತ್ರ

2023ರ ಜುಲೈ ತಿಂಗಳ ಒಂದು ಸಂಜೆ. ದ್ವಿತೀಯ ಪಿ.ಯು.ಸಿ.ಯಲ್ಲಿ ಓದುತ್ತಿದ್ದ ನಮ್ಮ ಮಗಳು ನಡುಮನೆಯಲ್ಲಿ ಕುಳಿತು ಮರುದಿನದ ಕಿರುಪರೀಕ್ಷೆಗಾಗಿ ಗಟ್ಟಿಯಾಗಿ ಉರುಹೊಡೆಯುತ್ತಿದ್ದಳು: “ಇತರ ಅಂಶಗಳು ಸ್ಥಿರವಾಗಿರುವಾಗ, ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ, ಬೆಲೆ ಇಳಿದರೆ ಬೇಡಿಕೆ ಏರುತ್ತದೆ.” ಅಡುಗೆಮನೆಯಲ್ಲಿ ಹುಣಸೆಹಣ್ಣು ಕಿವುಚುತ್ತಿದ್ದ ಅವಳ ಅಜ್ಜಿ ಅಲ್ಲಿಂದಲೇ ಕೇಳಿದರು: “ಮಗು, ಟೊಮೇಟೊ ಕೊಳ್ಳಲಾರದೆ ನಾನು ಸಾರಿಗೆ ಹುಣಸೆಹಣ್ಣು ಹೆಚ್ಚು ಹಾಕುತ್ತಿದ್ದೇನಲ್ಲ, ಅದಕ್ಕೂ ನಿನ್ನ ಪುಸ್ತಕದಲ್ಲಿ ಏನಾದರೂ ಹೆಸರಿದೆಯೇ?”

ಹೆಸರಿತ್ತು. ‘ಬದಲಿ ಸರಕು’ ಎಂಬ ಮಾತು ಎರಡು ಪುಟಗಳ ಆಚೆಗೇ ಇತ್ತು; ಅಲ್ಲಿನ ಉದಾಹರಣೆ ಮಾತ್ರ ಚಹಾ ಮತ್ತು ಕಾಫಿಯದು. ನಮ್ಮ ಮನೆಯ ಸಾರಿಗೂ ಆ ಪುಟಕ್ಕೂ ಸಂಬಂಧವುಂಟೆಂದು ಹುಡುಗಿಗೆ ಯಾರೂ ತಿಳಿಸಿರಲಿಲ್ಲ.

ಅರ್ಥಶಾಸ್ತ್ರಕ್ಕೆ ದಿನಪತ್ರಿಕೆಗಿಂತ ಅಗ್ಗದ ಪಠ್ಯವಿಲ್ಲವೆಂದು ಅನೇಕ ಅಧ್ಯಾಪಕರು ಹೇಳುವುದುಂಟು. ಮಾತು ನಿಜವೇ. ಆದರೆ ಒಂದು ದಿನದ ಸುದ್ದಿಯನ್ನು ತರಗತಿಯಲ್ಲಿ ಓದಿ ಹೇಳಿದ ಮಾತ್ರಕ್ಕೆ ಪಾಠವಾಗದು. ಅದೇ ಸುದ್ದಿಯನ್ನು ತಿಂಗಳುಗಟ್ಟಲೆ ಬೆನ್ನಟ್ಟಿದಾಗಲೇ ಅದರ ಒಳಗುಟ್ಟು ತೆರೆಯುತ್ತದೆ. ನಮ್ಮ ಮನೆಯಲ್ಲಿ ನಡೆದ ಪ್ರಯೋಗ ಇದನ್ನು ನನಗೆ ಮನಗಾಣಿಸಿತು.

ಮರುದಿನವೇ ಮಗಳು ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ ಪತ್ರಿಕೆಯ ತುಣುಕುಗಳನ್ನು ದಿನಾಂಕಸಹಿತ ಅಂಟಿಸತೊಡಗಿದಳು. ಅನೇಕ ನಗರಗಳಲ್ಲಿ ಟೊಮೇಟೊ ಕಿಲೋಗೆ 100 ರೂಪಾಯಿ ದಾಟಿತ್ತು. ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಹಣ್ಣಿನ ಪೆಟ್ಟಿಗೆಯ ಬೆಲೆ ತಿಂಗಳ ಕೊನೆಗೆ 2,000 ರೂಪಾಯಿಗಳನ್ನೂ ಮೀರಿತು. ಟೊಮೇಟೊ ಬೆಳೆದು ಕೋಟ್ಯಧೀಶರಾದ ರೈತರ ಭಾವಚಿತ್ರಗಳು ಪ್ರಕಟವಾದವು. ಆ ಚಿತ್ರದ ಕೆಳಗೆ ಮಗಳು ಬರೆದಳು: “ರೈತರು ನಮ್ಮನ್ನು ಸುಲಿಯುತ್ತಿದ್ದಾರೆ.” ನಾನು ಓದಿ ಸುಮ್ಮನಾದೆ.

ಸರ್ಕಾರ ಸುಮ್ಮನಿರಲಿಲ್ಲ. ಕರ್ನಾಟಕ, ಆಂಧ್ರ, ಮಹಾರಾಷ್ಟ್ರಗಳಲ್ಲಿ ಟೊಮೇಟೊ ಖರೀದಿಸಿ, ರಾಷ್ಟ್ರೀಯ ಸಹಕಾರಿ ಗ್ರಾಹಕರ ಒಕ್ಕೂಟದ ಮೂಲಕ ದೆಹಲಿ ಮುಂತಾದೆಡೆ ಮೊದಲು 90, ಬಳಿಕ 80, ಆಮೇಲೆ 70 ರೂಪಾಯಿಗೆ ಮಾರಿಸಿತು. “ಕೊಂಡದ್ದಕ್ಕಿಂತ ಕಡಮೆಗೆ ಮಾರಿದರೆ ನಷ್ಟ ಯಾರಿಗೆ?” ಎಂದೆ. ಕೊಂಚ ಯೋಚಿಸಿ, “ತೆರಿಗೆ ಕೊಡುವವರಿಗೆ, ಎಂದರೆ ನಮಗೂ” ಎಂದಳು. ಸಹಾಯಧನದ ಪಾಠ ಅಷ್ಟರಲ್ಲಿಯೇ ಮುಗಿಯಿತು.

ಆಗಸ್ಟ್ 10ರಂದು ಎರಡು ಸುದ್ದಿಗಳು ಒಟ್ಟಿಗೆ ಬಂದವು. ನೇಪಾಳದಿಂದ ಟೊಮೇಟೊ ಆಮದು ಆರಂಭವಾಗಿದೆಯೆಂದು ಹಣಕಾಸು ಸಚಿವೆ ಲೋಕಸಭೆಯಲ್ಲಿ ತಿಳಿಸಿದರು. ರಿಸರ್ವ್ ಬ್ಯಾಂಕು ತನ್ನ ರೆಪೊ ಬಡ್ಡಿದರವನ್ನು ಶೇಕಡ 6.5ರಲ್ಲಿಯೇ ಉಳಿಸಿಕೊಂಡಿತು. ನಾಲ್ಕು ದಿನಗಳ ತರುವಾಯ, ಜುಲೈ ತಿಂಗಳ ಚಿಲ್ಲರೆ ಹಣದುಬ್ಬರ ಶೇಕಡ 7.44ಕ್ಕೇರಿದೆಯೆಂದೂ, ವರ್ಷದ ಹಿಂದಿಗಿಂತ ತರಕಾರಿಗಳ ಬೆಲೆ ಶೇಕಡ 37ರಷ್ಟು ಹೆಚ್ಚಿದೆಯೆಂದೂ ಪ್ರಕಟವಾಯಿತು. ಬೆಲೆಯೇರಿಕೆ ತಡೆಯಲು ಬಡ್ಡಿ ಏರಿಸಬೇಕೆಂದು ಪುಸ್ತಕ ಹೇಳುತ್ತದೆ. ಬ್ಯಾಂಕು ಏಕೆ ಏರಿಸಲಿಲ್ಲ? ಮಗಳ ಈ ಶಂಕೆಗೆ ಅಜ್ಜಿಯೇ ಉತ್ತರವಿತ್ತರು: “ಬಡ್ಡಿ ಏರಿಸಿದರೆ ಕಾಯಿ ಬೇಗ ಹಣ್ಣಾಗುತ್ತದೆಯೇ?” ಜನರ ಕೈಯಲ್ಲಿ ಹಣ ಹೆಚ್ಚಿ ಬೆಲೆ ಏರುವುದು ಬೇರೆ, ಹೊಲದಲ್ಲಿ ಹಣ್ಣೇ ಕಡಮೆಯಾಗಿ ಏರುವುದು ಬೇರೆ ಎಂಬ ಭೇದ ಅವಳಿಗೆ ಅಂದು ತಿಳಿಯಿತು.

ಹಣ್ಣು ಕಡಮೆಯಾದುದೇಕೆ? ಕೋಲಾರದ ಬೆಳೆಗೆ ಬಿಳಿನೊಣದ ಬಾಧೆಯನ್ನೂ, ಉತ್ತರ ಭಾರತದಲ್ಲಿ ಹಠಾತ್ತಾಗಿ ಬಂದ ಮಳೆಯನ್ನೂ ಸರ್ಕಾರ ಕಾರಣವಾಗಿ ಹೇಳಿತ್ತು. ಆದರೆ ರದ್ದಿಗೆ ಹಾಕಲು ಕಟ್ಟಿಟ್ಟಿದ್ದ ಪತ್ರಿಕೆಗಳ ಹೊರೆಯನ್ನು ಬಿಚ್ಚಿದಾಗ ಮತ್ತೊಂದು ಸುದ್ದಿ ಸಿಕ್ಕಿತು. ಅದೇ ವರ್ಷದ ಮೇ ತಿಂಗಳಲ್ಲಿ ಮಹಾರಾಷ್ಟ್ರದ ರೈತರು ಬೆಲೆಯಿಲ್ಲದೆ ಟೊಮೇಟೊವನ್ನು ಬೀದಿಗೆ ಸುರಿದಿದ್ದರು! ಕೈ ಸುಟ್ಟುಕೊಂಡವನು ಮತ್ತೆ ಅದೇ ಸಸಿ ನೆಡಲು ಹಿಂಜರಿಯುವುದು ಸಹಜ. ನಾಟಿಯಿಂದ ಕೊಯ್ಲಿಗೆ ಎರಡು ಮೂರು ತಿಂಗಳು ಬೇಕು. ಜುಲೈಯಲ್ಲಿ ಬೆಲೆ ಕಂಡು ನೆಟ್ಟವರ ಹಣ್ಣು ಸೆಪ್ಟೆಂಬರಿಗೇ ಸಂತೆಗೆ ಬರಬೇಕು.

ಬಂದಿತು ಕೂಡ. ಸೆಪ್ಟೆಂಬರಿನಲ್ಲಿ ಸಗಟು ಬೆಲೆ ಕೆಲವೆಡೆ ಕಿಲೋಗೆ 10 ರೂಪಾಯಿಗಿಂತಲೂ ಕೆಳಗಿಳಿಯಿತು. ಆಂಧ್ರದಲ್ಲಿ ರೈತರು ಹಣ್ಣನ್ನು ರಸ್ತೆಬದಿಗೆ ಸುರಿದರು. ಆ ತಿಂಗಳ ಚಿಲ್ಲರೆ ಹಣದುಬ್ಬರವೂ ಶೇಕಡ 5.02ಕ್ಕೆ ಇಳಿಯಿತು. ಇಂದಿನ ಬೆಲೆ ನೋಡಿ ನಾಳಿನ ಬೆಳೆ ನಿರ್ಧರಿಸುವುದರಿಂದ ಹುಟ್ಟುವ ಈ ಏರಿಳಿತಕ್ಕೆ ‘ಜೇಡರಬಲೆ’ ಎಂಬ ಹೆಸರನ್ನು 1934ರಲ್ಲಿಯೇ ಇತ್ತವರು ನಿಕೊಲಾಸ್ ಕಾಲ್ಡರ್. 1956ರಲ್ಲಿ ಭಾರತದ ತೆರಿಗೆ ಸುಧಾರಣೆಯ ಬಗ್ಗೆ ವರದಿ ಬರೆದ ಅರ್ಥಶಾಸ್ತ್ರಜ್ಞರೂ ಅವರೇ.

ಈಗ ಮಗಳು ಜುಲೈ ತಿಂಗಳ ತನ್ನ ಬರಹವನ್ನು ಹೊಡೆದುಹಾಕಲು ಹೊರಟಳು. ನಾನು ತಡೆದೆ. ಆ ವಾಕ್ಯ ಹಾಗೆಯೇ ಇರಲಿ, ಅದರ ಕೆಳಗೆ ದಿನಾಂಕ ಹಾಕಿ ಇಂದಿನ ಅಭಿಪ್ರಾಯವನ್ನು ಬರೆ ಎಂದೆ. ಅವಳು ಬರೆದಳು: “ಜುಲೈಯಲ್ಲಿ ಹಣ್ಣಿದ್ದವರ ಚಿತ್ರ ಮಾತ್ರ ಪತ್ರಿಕೆಯಲ್ಲಿ ಬಂದಿತ್ತು. ಬೆಳೆ ಕಳೆದುಕೊಂಡವರ ಚಿತ್ರ ಬಂದಿರಲಿಲ್ಲ.”

ಸುದ್ದಿಯಿಂದ ಪಾಠ ಹೇಳುವ ಅಧ್ಯಾಪಕರೂ ತಂದೆತಾಯಿಗಳೂ ಎಚ್ಚರ ವಹಿಸಬೇಕಾದ ಎಡೆ ಇದೇ. ಪತ್ರಿಕೆಗೆ ಅಸಾಧಾರಣವಾದುದೇ ಸುದ್ದಿ; ಶಾಸ್ತ್ರಕ್ಕೆ ಸಾಧಾರಣವಾದುದೂ ಬೇಕು. ಆದುದರಿಂದ ಪ್ರತಿಯೊಂದು ತುಣುಕಿನ ಮುಂದೆಯೂ ಮೂರು ಪ್ರಶ್ನೆಗಳಿರಲಿ: ಈ ಬೆಲೆಯಿಂದ ಲಾಭ ಯಾರಿಗೆ, ನಷ್ಟ ಯಾರಿಗೆ? ಇದಕ್ಕೆ ಮುಂಚೆ ಏನು ನಡೆದಿತ್ತು? ಮೂರು ತಿಂಗಳ ತರುವಾಯ ಏನಾಗಬಹುದು? ಕೊನೆಯ ಪ್ರಶ್ನೆಗೆ ಉತ್ತರವನ್ನು ಮುಂಚಿತವಾಗಿಯೇ ಬರೆಸಿಡಬೇಕು. ಅದು ತಪ್ಪಿದರೆ ಅಂಕ ಕಳೆಯಬೇಕಾಗಿಲ್ಲ. ಏಕೆ ತಪ್ಪಿತೆಂದು ವಿದ್ಯಾರ್ಥಿ ವಿವರಿಸಿದರೆ ಸಾಕು.

ಇದಕ್ಕೆ ಬೇಕಾದುದು ಒಂದು ಹಳೆಯ ಪುಸ್ತಕ, ಕತ್ತರಿ, ಸ್ವಲ್ಪ ಅಂಟು, ಮತ್ತು ಕಾಯುವ ತಾಳ್ಮೆ. ಈರುಳ್ಳಿಯಾಗಲಿ, ಅಡಕೆಯಾಗಲಿ, ಕಾಫಿಯಾಗಲಿ, ನಿಮ್ಮ ಮಕ್ಕಳು ಆರಿಸಿಕೊಂಡ ಒಂದು ಸರಕು ಸಾಕು. ರದ್ದಿಯವನು ಬರುವ ಮುನ್ನ ಹಳೆಯ ಪತ್ರಿಕೆಗಳನ್ನೊಮ್ಮೆ ಬಿಚ್ಚಿ ನೋಡಲು ಮರೆಯದಿರಿ.